‘ಪ’ವೋ ‘ಷ’ವೋ: ಕ್ಯಾಮೆರಾವನ್ನೇ ಮೊದಲು ಓದಿ

ನೀಲಗುಂದದಲ್ಲಿ ತೆಗೆದ ಶಾಸನದ ಚಿತ್ರವೊಂದನ್ನು ಮನೆಯಲ್ಲಿ ಓದುತ್ತಾ ಕೂತಿದ್ದೆ. ಒಂದು ಅಕ್ಷರ ‘ಪ’ವೋ ‘ಷ’ವೋ ಬಗೆಹರಿಯಲಿಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಗೀಟು. ಸರಿಯಾಗಿ ಅಲ್ಲೇ ಚಿತ್ರದ ಉದ್ದಕ್ಕೂ ತೆಳ್ಳನೆ ಕಪ್ಪು ಪಟ್ಟಿ ಹಾದಿತ್ತು. ಕಲ್ಲಿನ ಬಿರುಕೋ, ಕ್ಯಾಮೆರಾದ ದೋಷವೋ?

ನನ್ನದು ಕಾರ್ಖಾನೆಗಳಲ್ಲಿ ಬಳಸುವಂಥ, ಈಥರ್‌ನೆಟ್ ಕೇಬಲ್ಲಿನ ಕ್ಯಾಮೆರಾ. ಇಂಥವುಗಳಲ್ಲಿ ‘ಟೆಸ್ಟ್ ಪ್ಯಾಟರ್ನ್’ ಅಂತ ಒಂದು ಆಯ್ಕೆ ಇರುತ್ತೆ. ಅದನ್ನು ಹಾಕಿದರೆ ಕ್ಯಾಮೆರಾ ಎದುರಿನ ಕಲ್ಲನ್ನು ನೋಡೋದಿಲ್ಲ; ಒಳಗಿನ ಸರ್ಕ್ಯೂಟೇ ಚಿತ್ರ ಹುಟ್ಟಿಸಿ ಕಳಿಸುತ್ತೆ. ಸಾಮಾನ್ಯವಾಗಿ ಎಡದಿಂದ ಬಲಕ್ಕೆ 0ಯಿಂದ 255ರವರೆಗೆ ಏರುವ ಬೂದು, ಆಮೇಲೆ ಮತ್ತೆ 0. ಪ್ರತಿ ಪಿಕ್ಸೆಲ್ಲಿನ ಬೆಲೆ ಮೊದಲೇ ಗೊತ್ತಿರುವುದರಿಂದ, ತಪ್ಪು ಕಂಡರೆ ಅದು ಕೇಬಲ್, ನೆಟ್‌ವರ್ಕ್ ಕಾರ್ಡ್ ಇಲ್ಲವೇ ಸಾಫ್ಟ್‌ವೇರಿನದು. ಕಣ್ಣಳತೆ ಸಾಲದು. ನಿಂತ ಮಾದರಿಯ ಎರಡು ಚಿತ್ರಗಳನ್ನು ಒಂದರಿಂದೊಂದು ಕಳೆಯಿರಿ. ಎಲ್ಲೆಡೆ ಸೊನ್ನೆ ಬರಬೇಕು. ಚಿತ್ರಗಳೇ ಬಿಟ್ಟುಹೋಗುತ್ತಿವೆಯೇ ಅಂತ ನೋಡಲು ಚಲಿಸುವ ಮಾದರಿ ಬೇಕು.

ನಾನು ಕೇಬಲ್ ಅಲುಗಾಡಿಸಿದ ಕೂಡಲೇ ಅದೇ ಕಪ್ಪು ಪಟ್ಟಿ ಹಾಜರ್! ದಪ್ಪ ಸುಮಾರು ನಾಲ್ಕು ಸಾಲು. ನನ್ನ ಚಿತ್ರದ ಒಂದು ಸಾಲು 2048 ಬೈಟ್, ನಾನಿಟ್ಟ ಪ್ಯಾಕೆಟ್ 9000 ಬೈಟ್. ಭಾಗಿಸಿ ನೋಡಿ: ಒಂದೇ ಒಂದು ಪ್ಯಾಕೆಟ್ ಕಳೆದುಹೋಗಿತ್ತು.

ಈ ಪರೀಕ್ಷೆ ಲೆನ್ಸು, ಸೆನ್ಸರಿನ ಮೇಲಿನ ಧೂಳು, ಫೋಕಸ್ಸಿನ ಬಗ್ಗೆ ಏನೂ ಹೇಳೋದಿಲ್ಲ. ಅವುಗಳನ್ನು ಬೇರೆಯಾಗಿಯೇ ನೋಡಬೇಕು.

ಕೇಬಲ್ ಬದಲಿಸಿ, ಸಂಜೆಯ ಓರೆ ಬಿಸಿಲಿನಲ್ಲಿ ಮತ್ತೆ ಚಿತ್ರ ತೆಗೆದೆ. ಗೀಟು ಇತ್ತು. ‘ಷ’.