ಬಂಡಿ ತಗದೀಯ, ಮಂದಿ ಎಲ್ಲಿ?

ನನ್ನ ಲ್ಯಾಪ್‌ಟಾಪಿನಲ್ಲಿ ‘ರೈಲು’ ಅಂತ ಒಂದು ಫೋಲ್ಡರ್ ಇದೆ. ನಾಲ್ಕು ಸಾವಿರಕ್ಕೂ ಮೇಲೆ ಫೋಟೋಗಳು. ಹರಿಹರದ ಹತ್ತಿರ ತುಂಗಭದ್ರೆ ದಾಟುವ ವಂದೇ ಭಾರತ್, ಬೆಂಗಳೂರಿನ ಮೆಟ್ರೋ, ಮೈಸೂರಿನ ರೈಲು ಮ್ಯೂಸಿಯಮ್ಮಿನಲ್ಲಿ ನಿಂತಿರುವ ಮಹಾರಾಣಿ ಸಲೂನು, ಕೋಲ್ಕತ್ತಾದ ಟ್ರಾಮು, ಎಲ್ಲಾ ಇವೆ. ನನಗೆ ನಿಜವಾಗಿ ಬೇಕಾದದ್ದು ಮಾತ್ರ ಇಲ್ಲ. ಕೊಟ್ಟೂರು ಸ್ಟೇಷನ್ನಿನಲ್ಲಿ ಹಳೇ ಮೀಟರ್ ಗೇಜ್ ರೈಲು ನಿಂತಿರುವ ಒಂದೇ ಒಂದು ಫೋಟೋ.

ನಮ್ಮದು ಉಜ್ಜಿನಿ. ಮರುಳಸಿದ್ಧೇಶ್ವರನ ಗುಡಿಯ ಊರು ಅಂದರೆ ಬಹಳ ಮಂದಿಗೆ ಗೊತ್ತಾಗುತ್ತೆ. ಶಿಖರಕ್ಕೆ ಎಣ್ಣೆ ಎರೆಯುವ ಹಬ್ಬ ನೋಡಲು ಬಂದವರು ನಿಮ್ಮಲ್ಲೂ ಇರಬಹುದು. ನಮ್ಮೂರಿಗೆ ರೈಲಿಲ್ಲ. ನಮಗೆ ರೈಲು ಅಂದರೆ ಕೊಟ್ಟೂರು. ಹೊಸಪೇಟೆಯಿಂದ ಕೊಟ್ಟೂರಿಗೆ ಹಳಿ ಬಂದದ್ದು 1905ರಲ್ಲಿ, ಬ್ರಿಟಿಷರ ಕಾಲಕ್ಕೆ. ಅಲ್ಲಿಂದ ಮುಂದೆ ಹಾದಿ ಇರಲಿಲ್ಲ. ಬಂದ ಬಂಡಿ ಕೊಟ್ಟೂರಲ್ಲಿ ನಿಂತು, ಎಂಜಿನ್ ಕಳಚಿಕೊಂಡು, ಪಕ್ಕದ ಹಳಿಯಲ್ಲಿ ಹಾಯ್ದು ಆ ತುದಿಗೆ ಹೋಗಿ ಸೇರಿಕೊಳ್ಳಬೇಕು. ಹುಡುಗರಾಗಿದ್ದಾಗ ನಮಗೆ ಜಾತ್ರೆಯ ತೇರಿಗಿಂತ ಈ ಎಂಜಿನ್ ತಿರುಗೋದೇ ದೊಡ್ಡ ಆಟ. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಪೊಟ್ಟಣ ಹಿಡಿದು ನೋಡುತ್ತಾ ನಿಂತರೆ ಎಣ್ಣೆ ಅಂಗಿಗೆ ಇಳಿದದ್ದೂ ಗೊತ್ತಾಗುತ್ತಿರಲಿಲ್ಲ.

ನಮ್ಮವ್ವನ ತವರು ಮರಿಯಮ್ಮನಹಳ್ಳಿ, ನಾಟಕದವರ ಊರು. ಮದುವೆಯಾಗಿ ಬಂದದ್ದೇ ಆ ರೈಲಿನಲ್ಲಿ. ಕೊಟ್ಟೂರಲ್ಲಿ ಇಳಿದು, ಅಲ್ಲಿಂದ ಎತ್ತಿನ ಬಂಡಿಯಲ್ಲಿ ಉಜ್ಜಿನಿಗೆ. ಕಟ್ಟಿಗೆ ಸೀಟು, ಕಿಟಕಿಯಿಂದ ಬರುವ ಕಲ್ಲಿದ್ದಲ ಕಿಡಿ, ಹೊಸ ಸೀರೆ ಸೆರಗಿಗೆ ಬಿದ್ದ ಸಣ್ಣ ತೂತು. ಆ ತೂತನ್ನು ಅವ್ವ ನಮಗೆ ಎಷ್ಟು ಸಲ ತೋರಿಸಿದ್ದಾಳೋ! ಆಮೇಲೆ ಪ್ರತಿ ನಾಗರಪಂಚಮಿಗೆ, ಹೆರಿಗೆಗೆ, ಸುಗ್ಗಿ ಮುಗಿದ ಮೇಲೆ, ಅದೇ ಬಂಡಿ. ಆ ತುದಿಯಲ್ಲಿ ನಮ್ಮ ಸೋದರಮಾವ ಬಿಳಿ ರುಮಾಲು ಸುತ್ತಿಕೊಂಡು ನಿಂತಿರುತ್ತಿದ್ದರು. ರೈಲು ಎಷ್ಟು ತಡವಾದರೂ ಸರಿ, ಅವರು ಅಲ್ಲಿಂದ ಅಲುಗುತ್ತಿರಲಿಲ್ಲ.

1990ರ ದಶಕದ ನಡುವೆ ಮಾತು ಶುರುವಾಯಿತು: ಹಳಿ ಕಿತ್ತು ಅಗಲದ ಹಳಿ ಹಾಕುತ್ತಾರಂತೆ. ಮೀಟರ್ ಗೇಜ್ ಅಂದರೆ ಎರಡು ಹಳಿಗಳ ನಡುವೆ ಸರಿಯಾಗಿ ಒಂದು ಮೀಟರು, ಅಂದರೆ 1000 ಮಿಲಿಮೀಟರ್. ಬ್ರಾಡ್ ಗೇಜ್ 1676, ಹಳೇ ಲೆಕ್ಕದಲ್ಲಿ ಐದೂವರೆ ಅಡಿ. ಎಂಜಿನ್ನಿನ ಮೈಮೇಲಿನ ಅಕ್ಷರ ನೋಡಿದರೂ ತಿಳಿಯುತ್ತೆ: ‘ವೈ’ ಅಂತ ಇದ್ದರೆ ಮೀಟರ್ ಗೇಜ್, ‘ಡಬ್ಲ್ಯೂ’ ಇದ್ದರೆ ಬ್ರಾಡ್. ಉಗಿ ಎಂಜಿನ್ನುಗಳಲ್ಲಿ ‘ವೈಪಿ’ ಅಂದರೆ ಮಂದಿಯನ್ನು ಎಳೆಯೋದು, ‘ವೈಜಿ’ ಅಂದರೆ ಸಾಮಾನು ಎಳೆಯೋದು. ಇದನ್ನೆಲ್ಲ ನಾನು ಕಲಿತದ್ದು ಬಹಳ ತಡವಾಗಿ, ಬಂಡಿ ಹೋದ ಮೇಲೆ.

ಆಗ ನನಗೆ ಹೊಸದಾಗಿ ನೌಕರಿ. ಮೊದಲ ಸಂಬಳಗಳಲ್ಲಿ ಉಳಿಸಿ ಒಂದು ಹಾಟ್‌ಶಾಟ್ ಕ್ಯಾಮೆರಾ ತಗೊಂಡಿದ್ದೆ. ಮಾವನ ಮಗಳ ಮದುವೆಗೆ ಅವ್ವನನ್ನು ಕರಕೊಂಡು ಹೊರಟಿದ್ದೆ. ಕೊಟ್ಟೂರು ಸ್ಟೇಷನ್ನಿನಲ್ಲಿ ಅವ್ವ, “ಈ ಬಂಡಿ ಇನ್ನ ಇರಂಗಿಲ್ಲಂತ. ಒಂದು ಫೋಟ ಹೊಡಿಯೋ, ನಾನೂ ನಿಂದರ್ತೀನಿ” ಅಂದಳು. ರೀಲಿನಲ್ಲಿ 36 ಫೋಟೋ. ರೀಲಿಗೂ ದುಡ್ಡು, ತೊಳಿಸೋಕೂ ದುಡ್ಡು. ಮದುವೆಗೆ ಸಾಲದೆ ಹೋದರೆ ಅಂತ ನನ್ನ ಚಿಂತೆ. “ದಿನಾ ಬರೋ ಬಂಡಿ ಬಿಡವ್ವ, ವಾಪಸ್ ಬರುವಾಗ ತೆಗೆದರಾಯ್ತು” ಅಂದೆ. ವಾಪಸ್ ಬರುವಾಗ ರೀಲು ಮುಗಿದಿತ್ತು. ಮತ್ತೆ ಆ ಬಂಡಿ ಹತ್ತುವ ಯೋಗ ಇಬ್ಬರಿಗೂ ಬರಲಿಲ್ಲ.

ಹಳಿ ಅಗಲವಾಯಿತು, ಆದರೆ ಮಂದಿ ಬಂಡಿ ಬರಲಿಲ್ಲ. ಗೂಡ್ಸು ಓಡಿತು, ಅದಿರು ಸಾಗಿತು. ಕೊಟ್ಟೂರಿನವರು ಪ್ಯಾಸೆಂಜರ್ ರೈಲಿಗಾಗಿ ಹೋರಾಟ ಮಾಡಿದರು, ಮನವಿ ಕೊಟ್ಟರು. ಪೇಪರಿನಲ್ಲಿ ಇದೆಲ್ಲ ‘ಅಭಿವೃದ್ಧಿ’ಯ ಸುದ್ದಿ. ನಮ್ಮ ಮನೆಯಲ್ಲಿ ಇದರ ಅರ್ಥ ಬೇರೆ ಇತ್ತು. ಅವ್ವನಿಗೆ ಬಸ್ಸಾಗದು. ಹತ್ತಿದ ಹತ್ತು ನಿಮಿಷಕ್ಕೆ ತಲೆ ಸುತ್ತಿ ವಾಂತಿ. ನಿಂಬೆಹಣ್ಣು ಮೂಸಿದರೂ ಅಷ್ಟೇ, ಮುಂದಿನ ಸೀಟಿನಲ್ಲಿ ಕೂತರೂ ಅಷ್ಟೇ. ವರ್ಷಕ್ಕೆ ನಾಲ್ಕು ಸಲ ತವರಿಗೆ ಹೋಗುತ್ತಿದ್ದವಳು ಮದುವೆಗೋ ಸಾವಿಗೋ ಅಷ್ಟೇ ಅಂತಾದಳು. ಮಾವ ತೀರಿಕೊಂಡ ದಿನ ಎರಡು ಬಸ್ಸು ಬದಲಿಸಿ, ಹಗರಿಬೊಮ್ಮನಹಳ್ಳಿಯಲ್ಲಿ ಅವಳು ಸುಧಾರಿಸಿಕೊಳ್ಳಲಿ ಅಂತ ಕೂತು, ನಾವು ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟಾಗಿತ್ತು. ಅವ್ವ ಯಾರನ್ನೂ ಬೈಯಲಿಲ್ಲ. “ಬಂಡಿ ಇದ್ದಿದ್ರ ಮುಖ ನೋಡ್ತಿದ್ದೆ” ಅಂದಳು, ಅಷ್ಟೇ.

ನನ್ನ ಫೋಟೋ ಹುಚ್ಚು ಬಹುಶಃ ಅಲ್ಲಿಂದಲೇ ಶುರು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ರೀಲಿನ ಲೆಕ್ಕ ಇಲ್ಲ ನೋಡಿ, ಸಿಕ್ಕ ರೈಲನ್ನೆಲ್ಲ ತೆಗೆದೆ. ಬೆಳಿಗ್ಗೆ ಸೂರ್ಯ ಬೆನ್ನಿಗಿರಬೇಕು, ಎಂಜಿನ್ನಿನ ಮುಖ ಮತ್ತು ಒಂದು ಮಗ್ಗುಲು ಎರಡೂ ಬೆಳಕಿಗೆ ಬರಬೇಕು, ತಿರುವಿನ ಒಳಬದಿ ನಿಂತರೆ ಇಡೀ ಬಂಡಿ ಸಿಗುತ್ತೆ. ಇವೆಲ್ಲ ನಿಂತು ನಿಂತು ಕಲಿತದ್ದು. (ಹಳಿ ಮೇಲೆ ಇಳಿದು ತೆಗೆಯಬೇಡಿ. ಅದು ಅಪರಾಧ ಅನ್ನೋದು ಒಂದು ಕಡೆಗಿರಲಿ, ಈಗಿನ ಬಂಡಿಗಳು ಸದ್ದಿಲ್ಲದೆ ಮೈಮೇಲೆ ಬರುತ್ತವೆ.) ಟ್ರಾಮು ನೋಡಲೆಂದೇ ಕೋಲ್ಕತ್ತಾಕ್ಕೂ ಹೋದೆ. ಮದ್ರಾಸಿನದು 1953ರಲ್ಲೇ ನಿಂತಿತು, ಮುಂಬೈಯದು 1964ರಲ್ಲಿ. ಕೋಲ್ಕತ್ತಾದಲ್ಲಿ 1873ರಲ್ಲಿ ಕುದುರೆ ಎಳೆಯಲು ಶುರು ಮಾಡಿದ್ದು, ನಾನು ಹೋದಾಗ ಒಂದೆರಡು ಹಾದಿಯಲ್ಲಿ ಮಾತ್ರ ಉಳಿದಿತ್ತು. ಎಸ್ಪ್ಲನೇಡಿನಲ್ಲಿ ಅರ್ಧ ದಿನ ನಿಂತು ಅರವತ್ತು ಫೋಟೋ ತೆಗೆದೆ. ಪಕ್ಕದಲ್ಲೇ ಕೂತು ಟಿಕೆಟ್ ಕೊಟ್ಟ ಕಂಡಕ್ಟರ್ ಮುಖ ಹೇಗಿತ್ತು ಅಂತ ಈಗ ಕೇಳಿದರೆ ನನಗೆ ನೆನಪಿಲ್ಲ.

ಈ ನಡುವೆ ಕೊಟ್ಟೂರಿನಿಂದ ಹರಪನಹಳ್ಳಿ, ತೆಲಗಿ ಮೇಲೆ ಹರಿಹರದವರೆಗೆ ಹೊಸ ಹಳಿ ಬಂತು, ಸುಮಾರು 65 ಕಿಲೋಮೀಟರ್. ಕೊನೇ ಸ್ಟೇಷನ್ನಾಗಿದ್ದ ಕೊಟ್ಟೂರು ನಡುವಿನ ಸ್ಟೇಷನ್ನಾಯಿತು. ಕೊನೆಗೂ 2019ರ ಅಕ್ಟೋಬರಿನಲ್ಲಿ ಹೊಸಪೇಟೆ–ಹರಿಹರ ಪ್ಯಾಸೆಂಜರ್ ಬಿಟ್ಟರು. ಉದ್ಘಾಟನೆಯ ದಿನ ನನಗೆ ರಜೆ ಸಿಗಲಿಲ್ಲ. ಆ ತಿಂಗಳ ಕೊನೆಗೆ ದೀಪಾವಳಿಗೆ ಊರಿಗೆ ಹೋದವನು ಅವ್ವನಿಗೆ, “ತವರಿಗೆ ಹೋಗೋಣೇನು?” ಅಂದೆ. ಅವಳು ಬುತ್ತಿ ಕಟ್ಟಲು ಎದ್ದೇಬಿಟ್ಟಳು.

ಸ್ಟೇಷನ್ನು ಅವಳಿಗೆ ಗುರುತು ಸಿಗಲಿಲ್ಲ. “ಇದು ಹಳೇ ಜಾಗಾನೇ ಹೌದೇನೋ?” ಅಂತ ಎರಡು ಸಲ ಕೇಳಿದಳು. ಬೋಗಿಯೊಳಗೆ ಕೂತು ಸೀಟು ಒತ್ತಿ ನೋಡಿದಳು. ಎಂಜಿನ್ ಡೀಸೆಲ್ಲು, ಕಿಡಿ ಬೀಳುವ ಭಯವಿಲ್ಲ. ಆದರೂ ಕಿಟಕಿ ಪಕ್ಕ ಕೂತವಳು ಸೆರಗನ್ನು ಒಳಗೆ ಎಳಕೊಂಡೇ ಕೂತಿದ್ದಳು. ದಾರಿಯುದ್ದಕ್ಕೂ ಒಂದು ಸಲ ತಲೆ ಸುತ್ತಲಿಲ್ಲ. ಎದುರಿಗೆ ಕೂತ ಹೆಂಗಸಿಗೆ ತನ್ನ ಮದುವೆ ಕತೆ ಹೇಳಿ ಮುಗಿಸಿದಳು.

ಮರಿಯಮ್ಮನಹಳ್ಳಿಯಲ್ಲಿ ನಾನು ಮೊದಲು ಇಳಿದು ಎಂಜಿನ್ ಕಡೆಗೆ ಓಡಿದೆ. ಇಳಿಬಿಸಿಲು ಚೆನ್ನಾಗಿ ಬಿದ್ದಿತ್ತು. ಏಳೆಂಟು ಫೋಟೋ ಸಿಕ್ಕವು. ಬಂಡಿ ಹೊರಟ ಮೇಲೆ ಹಿಂದಿರುಗಿ ನೋಡಿದರೆ ಅವ್ವ ಇಳಿದ ಜಾಗದಲ್ಲೇ ನಿಂತಿದ್ದಳು, ಗಂಟು ಕೆಳಗಿಟ್ಟು, ಹೊರಗೆ ಹೋಗುವ ದಾರಿ ಕಡೆಗೆ ನೋಡುತ್ತಾ. ಅಲ್ಲಿ ಯಾರೂ ಇರಲಿಲ್ಲ.

ರಾತ್ರಿ ಅಳಿಯಂದಿರು, ಸೊಸೆಯರು, ಮೊಮ್ಮಕ್ಕಳು ಸುತ್ತ ಕೂತಾಗ ನಾನು ಫೋಟೋ ತೋರಿಸಿದೆ. ಅವ್ವ ಒಂದೊಂದೇ ನೋಡಿ, “ಬಂಡಿ ತಗದೀಯ, ಮಂದಿ ಎಲ್ಲಿ? ಯಾರ್ಯಾರು ಇಳಿದ್ರು ಅಂತ ಹೆಂಗ ಗೊತ್ತಾಗ್ಬೇಕು?” ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಒಬ್ಬನೇ ಕೂತು ಹುಡುಕಿದೆ. ಒಂದು ಫೋಟೋದ ಮೂಲೆಯಲ್ಲಿ ಎರಡನೇ ಬೋಗಿಯ ಬಾಗಿಲು ಕಾಣುತ್ತೆ. ಹಿಡಿಕೆ ಹಿಡಿದ ಒಂದು ಕೈ, ಹಸಿರು ಬಳೆ, ಸೀರೆಯ ಅಂಚು. ಮುಖ ಇಲ್ಲ. ನಾಲ್ಕು ಸಾವಿರದಲ್ಲಿ ನಮ್ಮವ್ವ ಇರುವುದು ಅಷ್ಟೇ.

ಮುಂದಿನ ಮಾರ್ಚಿಗೆ ಕೊರೊನಾ ಬಂದು ಬಂಡಿಗಳೆಲ್ಲ ನಿಂತವು. ಮತ್ತೆ ಶುರುವಾಗುವ ಹೊತ್ತಿಗೆ ಅವ್ವನ ಮೊಣಕಾಲು ಮೆಟ್ಟಿಲು ಹತ್ತಲು ಒಪ್ಪಲಿಲ್ಲ. ಈಗ ಉಜ್ಜಿನಿಯ ಮನೆ ಕಟ್ಟೆಯ ಮೇಲೆ ಕೂತು, ನಾನು ಊರಿಗೆ ಹೋದಾಗೆಲ್ಲ, ಬಂಡಿಯಲ್ಲಿ ಮಂದಿ ಇದ್ದರೇನು ಅಂತ ಕೇಳುತ್ತಾಳೆ. ನಾನು ಈಗ ಇಳಿಯುವವರ ಫೋಟೋನೂ ತೆಗೆಯುತ್ತೇನೆ, ಅವರನ್ನು ಕೇಳಿಯೇ.

ಓದುಗರಲ್ಲಿ ಒಂದು ಮಾತು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಮರಿಯಮ್ಮನಹಳ್ಳಿ ಕಡೆಯವರು ಯಾರಾದರೂ ಇದ್ದರೆ ನಿಮ್ಮ ಮನೆಯ ಹಳೇ ಆಲ್ಬಮ್ ಒಮ್ಮೆ ತೆಗೆದು ನೋಡಿ. ಮದುವೆ ದಿಬ್ಬಣವೋ, ಜಾತ್ರೆಯೋ, ಹಿಂದೆ ಸಣ್ಣ ಹಳಿಯ ಬಂಡಿ ಕಾಣುವ ಒಂದು ಫೋಟೋ ಇದ್ದರೆ ಈ ಅಂಕಣಕ್ಕೆ ಕಳಿಸಿ. ಮಸುಕಾಗಿದ್ದರೂ ಪರವಾಗಿಲ್ಲ. ಮರಿಯಮ್ಮನಹಳ್ಳಿಯದಾದರೆ ಪ್ಲಾಟ್‌ಫಾರಂ ತುದಿಯಲ್ಲಿ ಬಿಳಿ ರುಮಾಲಿನ ಎತ್ತರದ ಮನುಷ್ಯ ಯಾರಾದರೂ ನಿಂತಿದ್ದಾರೇನೋ, ಅದನ್ನೂ ಸ್ವಲ್ಪ ನೋಡಿ.