ಗೇಟಿನೊಳಗೆ ಕುಳಿತು ಗೆದ್ದವರು
1989ರ ನವೆಂಬರಿನಲ್ಲಿ ಅಮೆರಿಕದ ಸಂಸತ್ತಿನಲ್ಲಿ ಪೋಲೆಂಡಿನ ಕಾರ್ಮಿಕ ನಾಯಕ ಲೆಕ್ ವಲೇಸಾ ಮಾತು ಆರಂಭಿಸಿದ್ದು ಆ ದೇಶದ ಸಂವಿಧಾನದ ಮೊದಲ ಪದಗಳಾದ ‘ನಾವು, ಜನರು’ ಎಂಬುದರಿಂದ. ಗ್ಡಾನ್ಸ್ಕ್ ನಗರದ ಎಲೆಕ್ಟ್ರಿಷಿಯನ್ ಆದ ತಮಗೂ ಆ ಪದಗಳನ್ನು ಬಳಸುವ ಹಕ್ಕಿದೆ ಎಂದರು. ವಿದ್ಯಾರ್ಥಿಗಳು ಇದರ ಹಿನ್ನೆಲೆ ತಿಳಿಯಬೇಕು.

1970ರಲ್ಲಿ ಬೆಲೆಯೇರಿಕೆ ವಿರೋಧಿಸಿ ಬೀದಿಗಿಳಿದ ಅಲ್ಲಿನ ಹಡಗುಕಟ್ಟೆಯ ಕಾರ್ಮಿಕರ ಮೇಲೆ ಗುಂಡು ಹಾರಿತ್ತು. 1980ರ ಆಗಸ್ಟಿನಲ್ಲಿ, ನಿವೃತ್ತಿಗೆ ಐದೇ ತಿಂಗಳಿದ್ದ ಕ್ರೇನ್ ಚಾಲಕಿಯನ್ನು ಕೆಲಸದಿಂದ ತೆಗೆದಾಗ ಮತ್ತೆ ಮುಷ್ಕರ ಹೂಡಿದರು. ಈ ಸಲ ಗೇಟಿನೊಳಗೇ ಕುಳಿತರು. ಗುಂಡಿಗೆ ನೆಪವೇ ಸಿಗದಂತೆ ಮಾಡಿದ ಆ ಜಾಣತನವೇ ನನಗೆ ದೊಡ್ಡದಾಗಿ ಕಾಣುತ್ತದೆ. ಹುಟ್ಟಿದ ಸಂಘಟನೆ ‘ಸಾಲಿಡಾರಿಟಿ’, ಅಂದರೆ ಒಗ್ಗಟ್ಟು. ಸದಸ್ಯರು ಸುಮಾರು ಒಂದು ಕೋಟಿ!

1981ರಲ್ಲಿ ಸೇನಾಡಳಿತ, ಬಂಧನ. 1983ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆಯಲು ವಲೇಸಾ ಪತ್ನಿ ಡನೂಟಾರನ್ನು ಕಳಿಸಿದರು. ತಾವೇ ಹೋದರೆ ಮರಳಿ ದೇಶದೊಳಗೆ ಬಿಡಲಿಕ್ಕಿಲ್ಲವೆಂಬ ಅಂಜಿಕೆ. 1989ರ ಜೂನ್ ಚುನಾವಣೆಯಲ್ಲಿ ಸೆನೆಟ್ಟಿನ 100 ಸ್ಥಾನಗಳಲ್ಲಿ 99 ಸಾಲಿಡಾರಿಟಿಯ ಪಾಲಾದವು.