ಧೂಳೆಳೆಯುವ ಪೈಪಿಗೆ ಕೈಯಲ್ಲೇ ಮಾಡಿದ ದಿಢೀರ್ ಜೋಡಣೆ

“ಇನ್ನು ಸುಲಿತಕ್ಕೆ ನಾನು ಬರುವುದಿಲ್ಲ ಅಣ್ಣೇರೆ. ರಾತ್ರಿ ಮಲಗಿದರೆ ಉಸಿರು ಸಿಕ್ಕುವುದಿಲ್ಲ.” ನಮ್ಮಲ್ಲಿ ಹದಿನೈದು ವರ್ಷದಿಂದ ಚಾಲಿ ಸುಲಿಯಲು ಬರುತ್ತಿದ್ದವರು ಹೀಗೆ ಹೇಳಿದಾಗ ನನಗೆ ಮೊದಲು ಬಂದ ಯೋಚನೆ, ಬೇರೆ ಜನ ಎಲ್ಲಿ ಸಿಗುತ್ತಾರೆ ಅಂತ. ನಾಚಿಕೆಯಾದದ್ದು ಆಮೇಲೆ. ಡಾಕ್ಟರು ಅವರಿಗೆ ಕೊಟ್ಟ ಮದ್ದಿಗಿಂತ ಮುಖ್ಯವಾಗಿ ಹೇಳಿದ್ದು, ಧೂಳು ಬಿಡಿ ಎಂದು. ಧೂಳು ಬಿಡುವುದೆಂದರೆ ಕೆಲಸ ಬಿಡುವುದು.

ಕೈಯಲ್ಲಿ ಸುಲಿಯುವಾಗ ಈ ತೊಂದರೆ ಇಷ್ಟು ಇರಲಿಲ್ಲ. ಒಂದೂವರೆ ತಿಂಗಳು ಅಂಗಳದಲ್ಲಿ ಒಣಗಿದ ಅಡಿಕೆಯ ಸಿಪ್ಪೆ ಯಂತ್ರಕ್ಕೆ ಸಿಕ್ಕಿದರೆ ಹುಡಿ ಹುಡಿ. ನಡುವೆ ಮಳೆ ತಾಗಿದ ಅಡಿಕೆಯಾದರೆ ಬೂಸ್ಟಿನ ಹುಡಿಯೂ ಅದರೊಟ್ಟಿಗೆ. ನಮ್ಮ ಶೆಡ್ಡಿನಲ್ಲಿ ಇದಲ್ಲದೆ ಮರ ಕೊಯ್ಯುವ ಚಿಕ್ಕ ಚಕ್ರಗರಗಸ ಮತ್ತು ಕೀಸುವ ಮೆಷಿನ್ನು ಉಂಟು. ಹಲಸು, ಹೆಬ್ಬಲಸು, ಮಾವು ಏನು ಬಿದ್ದರೂ ಮನೆ ಖರ್ಚಿಗೆ ಅಲ್ಲೇ ಕೊಯ್ಯುತ್ತೇವೆ. ಮರದ ಹುಡಿ ಪಾಪದ್ದು ಅಂತ ನಾನು ತಿಳಿದಿದ್ದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗು ಮತ್ತು ಅದರ ಸುತ್ತಲಿನ ಪೊಳ್ಳುಗಳ ಕ್ಯಾನ್ಸರು. ವರ್ಷಗಟ್ಟಲೆ ಧೂಳಿನಲ್ಲಿ ನಿಲ್ಲುವ ಮರಗೆಲಸದವರಿಗೆ ಅದರ ಭಯ ಹೆಚ್ಚು.

ಹಾಗಾಗಿ ಒಂದು ಎಚ್.ಪಿ. ಮೋಟಾರಿನ ಬ್ಲೋವರ್ ತಂದೆ. ಮೂರು ಮೆಷಿನ್ನಿಗೆ ಮೂರು ಬ್ಲೋವರ್ ಇಡಲು ನಮ್ಮಂಥವರಿಂದ ಸಾಧ್ಯವಿಲ್ಲ. ಒಂದೇ ಬ್ಲೋವರಿನ ಹೋಸನ್ನು ಯಾವ ಮೆಷಿನ್ ಓಡುತ್ತದೋ ಅದಕ್ಕೆ ಸಿಕ್ಕಿಸಬೇಕು. ತೊಂದರೆ ಇರುವುದು ಈ ಸಿಕ್ಕಿಸುವುದರಲ್ಲೇ. ಹೋಸಿಗೆ ಕ್ಲಿಪ್ಪು ಹಾಕಿ ಸ್ಕ್ರೂಡ್ರೈವರಿನಲ್ಲಿ ತಿರುಗಿಸುತ್ತಾ ಕೂತರೆ ಎರಡು ದಿನ ಮಾಡಬಹುದು, ಮೂರನೇ ದಿನ “ಈಗ ಎರಡೇ ಹಲಗೆ, ಹಾಗೇ ಕೊಯ್ಯುವ” ಅಂತ ಆಗಿಯೇ ಆಗ್ತದೆ. ಪೇಟೆಯಲ್ಲಿ ತಯಾರು ಕಪ್ಲಿಂಗ್ ಸಿಗುತ್ತದೆ, ಆದರೆ ಅದರ ಅಳತೆ ನಮ್ಮ ನೀರಾವರಿ ಪೈಪಿಗೆ ಕೂರುವುದಿಲ್ಲ. ಕೊನೆಗೆ ತೋಟದ ಮೂಲೆಯಲ್ಲಿ ಬಿದ್ದಿದ್ದ ಪಿ.ವಿ.ಸಿ. ತುಂಡುಗಳೇ ಸಾಕಾದವು.

ಬೆಲ್ಲು ಮಾಡುವ ಕ್ರಮ

ಪೈಪಿನ ಬಾಯಿಯನ್ನು ಮಡಲಿನ ಬೆಂಕಿಗೆ ಹಿಡಿದು, ಮೆತ್ತಗಾದಾಗ ಇನ್ನೊಂದು ಪೈಪಿಗೆ ನುಗ್ಗಿಸುವುದು ನಮ್ಮಲ್ಲಿ ಯಾರಿಗೂ ಹೊಸತಲ್ಲ. ಅಲ್ಲಿ ಬೇಕಾದದ್ದು ನೀರು ಸೋರದ ಬಿಗಿ. ಇಲ್ಲಿ ಬೇಕಾದದ್ದು ಒಂದೇ ಕೈಯಲ್ಲಿ ಎಳೆದರೆ ಬರುವ, ಬಿಟ್ಟರೆ ಬೀಳದ ಸಡಿಲ. ವ್ಯತ್ಯಾಸ ಅರ್ಧ ಮಿಲಿಮೀಟರಿನದ್ದು.

ನಾನು ಹಿಡಿದದ್ದು 75 ಮಿ.ಮೀ. ಪೈಪು, 4 ಕೆ.ಜಿ.ಯದ್ದು. ಪಿ.ವಿ.ಸಿ. ಪೈಪಿನಲ್ಲಿ 4 ಕೆ.ಜಿ. ಇರಲಿ 10 ಕೆ.ಜಿ. ಇರಲಿ, ಹೊರಗಿನ ಅಳತೆ ಒಂದೇ. ದಪ್ಪ ಹೆಚ್ಚುವುದು ಒಳಮುಖವಾಗಿ. ಆದ್ದರಿಂದ ಬೇರೆ ಬೇರೆ ವರ್ಷ ತಂದ ತುಂಡುಗಳೂ ಒಂದೇ ಬೆಲ್ಲಿಗೆ ಸೇರುತ್ತವೆ. ಇನ್ನೊಂದು ಅನುಕೂಲ, ಪಂಪಿಗೆ ಹಾಕುವ 3 ಇಂಚಿನ ಸಕ್ಷನ್ ಹೋಸು ಈ ಪೈಪಿನ ಮೇಲೆ ಸರಿಯಾಗಿ ಕೂರುತ್ತದೆ.

ಅಚ್ಚಿಗೆ 75ರದ್ದೇ, ಆದರೆ 10 ಕೆ.ಜಿ.ಯ ಒಂದಡಿ ತುಂಡು ತೆಗೆದುಕೊಳ್ಳಿ. ದಪ್ಪ ಇದ್ದರೆ ಬಿಸಿಗೆ ಬಾಗುವುದಿಲ್ಲ. ಅದರ ಬಾಯಿಯ ಹೊರ ಅಂಚನ್ನು ಅರದಲ್ಲಿ ಉಜ್ಜಿ ಇಳಿಜಾರು ಮಾಡಿ. ಅಂಚಿನಿಂದ ಹಿಂದಕ್ಕೆ ಏಳು ಸೆಂಟಿಮೀಟರ್ ಅಗಲಕ್ಕೆ ಹಳೇ ಪೇಪರನ್ನು ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ ತುದಿ ಅಂಟಿಸಿ. ಅದರ ಮೇಲೆ, ಹಿಂದಿನ ಮೂರು ಸೆಂಟಿಮೀಟರಿಗೆ ಮಾತ್ರ, ಇನ್ನೆರಡು ಸುತ್ತು. ಬೆಲ್ಲಿನ ಬಾಯಿ ಬರುವುದು ಈ ಹಿಂದಿನ ಭಾಗದಲ್ಲಿ. ಹಾಗಾಗಿ ಬಾಯಿ ಸ್ವಲ್ಪ ಸಡಿಲ, ಒಳಗೆ ಹೋದಷ್ಟೂ ಬಿಗಿ ಆಗ್ತದೆ. ಸಿಕ್ಕಿಸುವಾಗ ಗುರಿ ಹಿಡಿಯುವುದು ಬೇಡ, ಒತ್ತಿದಲ್ಲಿಗೆ ಕಚ್ಚುತ್ತದೆ.

ಬೆಂಕಿಗೆ ಹಿಡಿಯುವುದನ್ನು ನಾನು ಬಿಟ್ಟಿದ್ದೇನೆ. ಪಿ.ವಿ.ಸಿ. ಸುಮಾರು 80 ಡಿಗ್ರಿಗೆ ಮೆತ್ತಗಾಗಲು ಸುರುವಾಗುತ್ತದೆ. ಇಷ್ಟು ತೆಳು ಪೈಪಿಗೆ ಕುದಿಯುವ ನೀರೇ ಸಾಕು. ಹಳೇ ಪಾತ್ರೆಯಲ್ಲಿ ನೀರು ಕುದಿಸಿ, ಪೈಪಿನ ತುದಿಯನ್ನು ಎಂಟು ಸೆಂಟಿಮೀಟರ್ ಆಳಕ್ಕೆ ಮುಳುಗಿಸಿ ಹಿಡಿದು, ಬಟ್ಟೆ ಸುತ್ತಿದ ಕೋಲಿನಿಂದ ಒತ್ತಿ ನೋಡಿ. ಚಕ್ಕುಲಿ ಹಿಟ್ಟಿನಷ್ಟು ಮೆತ್ತಗೆ ಆಗಬೇಕೆಂದಿಲ್ಲ, ರಬ್ಬರಿನ ಹಾಗೆ ಬಳುಕಿದರೆ ಆಯಿತು. ಕೂಡಲೇ ತೆಗೆದು ಅಚ್ಚಿನ ಮೇಲೆ ತಿರುಗಿಸುತ್ತಾ ನೂಕಿ. ಕೈಗೆ ಗೋಣಿಚೀಲದ ತುಂಡು ಇರಲಿ. ಹಿಗ್ಗಬೇಕಾದದ್ದು ಬರೀ ಮೂರು ನಾಲ್ಕು ಮಿಲಿಮೀಟರ್, ಬಲ ಬೇಡ, ನಿಧಾನವೂ ಬೇಡ. ಒದ್ದೆ ಬಟ್ಟೆ ಸುತ್ತಿ ತಣಿಸಿ, ಪೂರ್ತಿ ಗಟ್ಟಿಯಾದ ಮೇಲೆ ತಿರುಗಿಸಿ ಎಳೆದರೆ ಕಳಚುತ್ತದೆ. ಪೇಪರು ಅಚ್ಚಿನಲ್ಲೇ ಉಳಿದರೆ ಸಂತೋಷ, ಇಲ್ಲದಿದ್ದರೆ ಕೆರೆದು ತೆಗೆಯಿರಿ.

ದಪ್ಪ ಪೈಪೇ ಇರುವುದಾದರೆ ಗೆರಟೆ ಕೆಂಡದ ಮೇಲೆ ಒಂದು ಗೇಣು ಎತ್ತರದಲ್ಲಿ ತಿರುಗಿಸುತ್ತಾ ಕಾಯಿಸಬಹುದು. ಬಯಲಿನಲ್ಲಿ, ಗಾಳಿಗೆ ಬೆನ್ನು ಹಾಕಿ. ಪೈಪು ಕಂದಾಗಿ ಹೊಗೆ ಬಂತೆಂದರೆ ಅದು ಹೈಡ್ರೋಜನ್ ಕ್ಲೋರೈಡು, ಗಂಟಲು ಸುಡುತ್ತದೆ. ಎದೆಗೆ ಧೂಳು ಹೋಗಬಾರದೆಂದು ಮಾಡುವ ಕೆಲಸದಲ್ಲಿ ಇದನ್ನು ಎಳೆದುಕೊಳ್ಳುವುದು ಯಾಕೆ?

ಒಂದು ಮಾತು ನೆನಪಿರಲಿ. ಹಿಗ್ಗಿಸಿದ ಪಿ.ವಿ.ಸಿ.ಗೆ ಹಳೇ ಅಳತೆಯ ನೆನಪು ಉಂಟು. ಪುನಃ ಬಿಸಿ ತಾಗಿದರೆ ಕುಗ್ಗುತ್ತದೆ. ನನ್ನ ಎರಡು ಬೆಲ್ಲುಗಳನ್ನು ಬಚ್ಚಲೊಲೆಯ ಹಿಂದಿನ ಗೋಡೆಗೆ ತೂಗು ಹಾಕಿ ಕಳಕೊಂಡೆ.

ಯಾವುದು ಯಾವುದರ ಒಳಗೆ?

ಪ್ರತಿ ಮೆಷಿನ್ನಿನಲ್ಲೂ ಒಂದು ಬೋಳು ಪೈಪಿನ ತುಂಡು, ಹೋಸಿನ ತುದಿಯಲ್ಲಿ ಬೆಲ್ಲು. ಎಲ್ಲ ಕಡೆಯೂ ಇದೇ ಕ್ರಮ, ತಪ್ಪಬಾರದು. ದಂಬೆಯಲ್ಲಿ ನೀರು ಹಾಯಿಸಿದವರಿಗೆ ಕಾರಣ ಹೇಳಬೇಕಾಗಿಲ್ಲ. ಮೇಲಿನ ದಂಬೆಯ ತುದಿ ಕೆಳಗಿನದ್ದರ ಒಳಗೆ ಕೂರಬೇಕು, ಇಲ್ಲವಾದರೆ ಸಂದಿನಲ್ಲಿ ಕಸ ಕಟ್ಟುತ್ತದೆ. ಇಲ್ಲಿ ಮೆಷಿನ್ನೇ ಮೇಲಿನ ದಂಬೆ, ಬ್ಲೋವರ್ ಕೆಳಗಿನ ದಂಬೆ.

ಮೆಷಿನ್ನಿಗೆ ತುಂಡನ್ನು ಕೂರಿಸಲು ಅದರ ಒಂದು ತುದಿಯನ್ನು ಅದೇ ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಬಾಟ್ಲಿಯ ಬುಡದಿಂದ ಹೊರಕ್ಕೆ ಅಗಲಿಸಿ, ಚಪ್ಪಟೆ ಕಲ್ಲಿನ ಮೇಲೆ ಒತ್ತಿದರೆ ಅಂಚು ಬರುತ್ತದೆ. ಆ ಅಂಚನ್ನು 15 ಕೆ.ಜಿ. ಎಣ್ಣೆ ಡಬ್ಬದ ತಗಡಿಗೆ ನಾಲ್ಕು ರಿವಿಟ್ ಹೊಡೆದು ಕೂರಿಸಿದ್ದೇನೆ. ಹೋಸಿನ ಕಡೆ, ಬೆಲ್ಲಿನ ಹಿಂದಿನ ಬೋಳು ತುದಿಗೆ ಹೋಸು ತೊಡಿಸಿ ಕ್ಲಿಪ್ಪು ಬಿಗಿದರೆ ಮುಗಿಯಿತು. ಅದು ಒಮ್ಮೆಗೇ, ಮತ್ತೆ ಬಿಚ್ಚಲಿಕ್ಕಿಲ್ಲ.

ಬ್ಲೋವರ್ ಎಳೆಯುವಾಗ ಹೋಸು ಸ್ವಲ್ಪ ಗಿಡ್ಡವಾಗುತ್ತದೆ. ತಂತಿಯ ಹಾಗೆ ಎಳೆದು ಕಟ್ಟಿದರೆ ಬೆಲ್ಲನ್ನು ಕಳಚಿ ಹಾಕುತ್ತದೆ. ಒಂದು ಬಾಗು ಇರುವಷ್ಟು ಉದ್ದ ಬಿಡಿ. ಕೀಸುವ ಮೆಷಿನ್ನು ಅದುರುವ ಕಾರಣ ಅಲ್ಲಿ ಮಾತ್ರ ಒಂದು ಚಿಲಕ ಮಾಡಬೇಕಾಯಿತು. ಬೆಲ್ಲಿನ ಬಾಯಿಯಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಎರಡು ಸೆಂಟಿಮೀಟರಿನ ಕಚ್ಚು, ಅದರ ಕೊನೆಯಲ್ಲಿ ಒಂದು ಸೆಂಟಿಮೀಟರ್ ಅಡ್ಡಕ್ಕೆ. ಬೋಳು ಪೈಪಿನ ಮೇಲೆ ಕಡ್ಲೆಕಾಳಿನಷ್ಟು ಪಿ.ವಿ.ಸಿ. ಚೂರನ್ನು ಸೊಲ್ಯೂಷನ್ ಹಾಕಿ ಅಂಟಿಸಿದ್ದು. ಒತ್ತಿ ತಿರುಗಿಸಿದರೆ ಬಲ್ಬು ಕೂತ ಹಾಗೆ. ಇಲ್ಲಿ ಸ್ಕ್ರೂ ಹಾಕಬೇಡಿ, ಒಳಗೆ ಮೂಡಿದ ತುದಿಗೆ ಸಿಪ್ಪೆಯ ನಾರು ಸಿಕ್ಕಿ ಸಂಜೆಯೊಳಗೆ ಗುಬ್ಬಿ ಗೂಡಾಗುತ್ತದೆ.

ಗಾಳಿ ಸೋರುವುದಿಲ್ಲವಾ ಅಂತ ಕೇಳಬಹುದು. ಸ್ವಲ್ಪ ಸೋರುತ್ತದೆ. ಆದರೆ ಇದು ನೀರಿನ ಲೈನಲ್ಲ, ಸಂದಿನಿಂದ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಧೂಳು ಹೊರಗೆ ಬರುವುದಿಲ್ಲ. ಊದುಬತ್ತಿ ಹಚ್ಚಿ ಸಂದಿನ ಸುತ್ತ ಹಿಡಿಯಿರಿ. ಹೊಗೆ ಸ್ವಲ್ಪ ವಾಲಿದರೆ ಬಿಟ್ಟುಬಿಡಿ. ಸರಕ್ಕನೆ ಒಳಗೆ ಹೋದರೆ ಬೈಕಿನ ಹಳೇ ಟ್ಯೂಬಿನ ಎರಡು ಬೆರಳಗಲದ ಬಳೆಯನ್ನು ಬೆಲ್ಲಿನ ಬಾಯಿಗೆ ಅರ್ಧ, ಪೈಪಿಗೆ ಅರ್ಧ ಬರುವಂತೆ ತೊಡಿಸಿ. ಡ್ರಮ್ಮು, ಬ್ಲೋವರ್ ದಾಟಿದ ನಂತರದ ಪೈಪು ಬೇರೆ. ಅಲ್ಲಿ ಗಾಳಿ ಹೊರಕ್ಕೆ ಒತ್ತುತ್ತದೆ, ಆ ಜೋಡಣೆಗಳೆಲ್ಲ ಅಂಟಿಸಿಯೇ ಇರಬೇಕು.

ದೊಡ್ಡ ಪೈಪಿನ ಮೋಸ

ಮೊದಲ ಸಲ ನಾನು ಗೋಡೆಯ ಉದ್ದಕ್ಕೆ 110ರ ಪೈಪು ಎಳೆದು, ಕೊನೆಯಲ್ಲಿ ಮಾತ್ರ 75ರ ಹೋಸು ಹಾಕಿದ್ದೆ. ನೀರಿನ ಲೆಕ್ಕದಲ್ಲಿ ಮೈನ್ ಲೈನು ದೊಡ್ಡದಿದ್ದಷ್ಟು ಒಳ್ಳೆಯದಲ್ಲವಾ? ಹದಿನೈದೇ ದಿನದಲ್ಲಿ ಎಳೆತ ನಿಂತಿತು. ಬಿಚ್ಚಿ ನೋಡಿದರೆ ಅಡ್ಡ ಪೈಪಿನಲ್ಲಿ ಅರ್ಧಕ್ಕರ್ಧ ಹುಡಿ.

ಮರದ ಹುಡಿ ತಂಗದೆ ಹೋಗಬೇಕಾದರೆ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡಬೇಕು. 75ರಿಂದ 110ಕ್ಕೆ ಹೋದರೆ ಒಳಗಿನ ಜಾಗ ಎರಡು ಪಾಲಿಗಿಂತ ಹೆಚ್ಚು, ಅಷ್ಟೇ ಗಾಳಿಯ ವೇಗ ಅರ್ಧಕ್ಕಿಂತ ಕಡಿಮೆ. ತೋಡಿನ ನೀರು ಗದ್ದೆಗೆ ಬಂದು ಹರಡಿದಾಗ ಕೆಸರು ಇಳಿಯುವ ಹಾಗೆ ಹುಡಿ ಅಲ್ಲೇ ಇಳಿಯಿತು. ಒಮ್ಮೆಗೆ ಒಂದೇ ಮೆಷಿನ್ ಓಡಿಸುವ ನಮಗೆ ಆದಿಯಿಂದ ಅಂತ್ಯದವರೆಗೆ ಒಂದೇ ಅಳತೆ ಒಳ್ಳೆಯದು. ಈಗ ಎಲ್ಲ 75, ಒಟ್ಟು ಇಪ್ಪತ್ತಡಿ, ಅದರಲ್ಲಿ ಹೋಸು ಆರೇ ಅಡಿ. ಹೋಸಿನ ಒಳಗಿನ ಏರು ತಗ್ಗು ಗಾಳಿಯನ್ನು ಹಿಡಿಯುತ್ತದೆ, ಉದ್ದ ಮಾಡಬೇಡಿ. ಒಂದಡಿ ಅಗಲ ಕೀಸುವ ದೊಡ್ಡ ಮೆಷಿನ್ ಇದ್ದವರಿಗೆ 75 ಸಾಲದು. ಅವರು ದೊಡ್ಡ ಬ್ಲೋವರ್ ಇಟ್ಟು ಪೂರ್ತಿ 110 ಮಾಡಬೇಕು.

ಬ್ಲೋವರಿಗೆ ಮೊದಲು ಮುಚ್ಚಳದ ಡ್ರಮ್ಮು ಇಡಿ. ಗಾಳಿ ಪಕ್ಕದಿಂದ ಓರೆಯಾಗಿ ಒಳಗೆ ಬಂದು ಸುತ್ತಬೇಕು, ಮುಚ್ಚಳದ ನಡುವಿನಿಂದ ಬ್ಲೋವರಿಗೆ ಹೋಗಬೇಕು. ದಪ್ಪ ಹುಡಿ ಡ್ರಮ್ಮಿನಲ್ಲೇ ಬೀಳುತ್ತದೆ. ಹೋಸು ಕಟ್ಟಿಕೊಂಡರೆ ಪ್ಲಾಸ್ಟಿಕ್ ಡ್ರಮ್ಮು ಒಳಕ್ಕೆ ಚಪ್ಪೆಯಾಗುತ್ತದೆ, ತಗಡಿನದ್ದೇ ಆಗಬಹುದು. ಉಳಿದ ನಯ ಧೂಳನ್ನು ನಾನು ಬಟ್ಟೆ ಚೀಲಕ್ಕೆ ಹಿಡಿಯುವುದಿಲ್ಲ, ಗೋಡೆಯ ಆಚೆ ಬಿಡುತ್ತೇನೆ. ಕಣ್ಣಿಗೆ ಕಾಣದ, ಎದೆಗೆ ಇಳಿಯುವ ಧೂಳು ಸಾಧಾರಣ ಬಟ್ಟೆಯಿಂದ ಪಾರಾಗಿ ಪುನಃ ಶೆಡ್ಡಿಗೇ ಬರುತ್ತದೆ. ಬಾವಿ, ಮನೆ, ಹಟ್ಟಿಯ ಕಡೆಗೆ ಬಾಯಿ ಇರದಿದ್ದರೆ ಆಯಿತು.

ಸುಲಿಯುವ ಯಂತ್ರದಲ್ಲಿ ಸಿಪ್ಪೆಯನ್ನೇ ಎಳೆಯಲು ಹೋಗಬೇಡಿ, 75ರಲ್ಲಿ ಹೋಗುವುದಿಲ್ಲ. ಸಿಪ್ಪೆ ಬೀಳುವ ಬಾಯಿಯ ಮೇಲೆ ಡಬ್ಬದ ಗೂಡು ಕೂರಿಸಿ ಅದರ ನೆತ್ತಿಯಿಂದ ಎಳೆಯಿರಿ, ಹಾರುವುದು ಮಾತ್ರ ಬರಲಿ. ಗೂಡು ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಪೈಪಿನ ಬಾಯಿಯಿಂದ ಅದರ ಅಗಲದಷ್ಟೇ ದೂರ ಹೋದರೆ ಎಳೆತದ ವೇಗ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಬರುತ್ತದೆ. ಒಂದು ಗೇಣು ದೂರ ಹಿಡಿದ ಪೈಪು ಶಬ್ದಕ್ಕೆ ಮಾತ್ರ.

ಆ ರಾತ್ರಿ

ಸುಲಭವಾಗಿ ಸಿಕ್ಕಿಸಲು ಆಗುತ್ತದೆಂದು ಎಲ್ಲದಕ್ಕೂ ಸಿಕ್ಕಿಸುವ ಚಟ ಬಂತು. ಕತ್ತಿ ಮಸೆಯುವ ಗ್ರೈಂಡರಿಗೂ ಒಂದು ಬೋಳು ತುಂಡು ಕಟ್ಟಿದೆ. ಒಂದು ಸಂಜೆ ನಾಲ್ಕು ಕತ್ತಿ ಮಸೆದು ಶೆಡ್ಡು ಮುಚ್ಚಿದ್ದೆ. ರಾತ್ರಿ ಊಟ ಮುಗಿಸಿ ಕೈತೊಳೆಯುವಾಗ ಹೆಂಡತಿ ಕೇಳಿದಳು, “ಎಂತ ಸುಟ್ಟ ವಾಸನೆ?” ಹೋಗಿ ನೋಡಿದರೆ ಡ್ರಮ್ಮಿನ ಮುಚ್ಚಳದ ಸಂದಿನಿಂದ ಹೊಗೆ. ಕಿಡಿ ಹೋಗಿ ಹುಡಿಯ ಒಳಗೆ ಕೂತು ಮೂರು ಗಂಟೆ ಉರಿಯದೆ ಬೇಯುತ್ತಿತ್ತು. ಮುಚ್ಚಳ ತೆಗೆಯದೆ ಇಬ್ಬರೂ ಸೇರಿ ಅಂಗಳಕ್ಕೆ ಉರುಳಿಸಿ, ಪೈಪಿನ ತೂತಿನಿಂದಲೇ ನೀರು ಬಿಟ್ಟೆವು. ಶೆಡ್ಡಿನ ಅಟ್ಟದಲ್ಲಿ ಆ ವರ್ಷದ ಚಾಲಿ ಪೂರ್ತಿ ಇತ್ತು. ಅದರ ಹಿಂದೆಯೇ ಹಟ್ಟಿ.

ಈಗ ಗ್ರೈಂಡರಿನ ತುಂಡು ಕಿತ್ತು ಹಾಕಿದ್ದೇನೆ. ಗ್ರೈಂಡರು, ವೆಲ್ಡಿಂಗ್ ಇವುಗಳ ಹತ್ತಿರ ಈ ಅಳತೆಯ ಪೈಪಿನ ತುಂಡು ಕೂಡಾ ಇಡುವುದಿಲ್ಲ. ಸಿಕ್ಕಿಸಲು ಏನೂ ಇಲ್ಲದಿದ್ದರೆ ಮರೆತೂ ಸಿಕ್ಕಿಸಲಾಗದು. ಸಂಜೆ ಡ್ರಮ್ಮು ಖಾಲಿ ಮಾಡಿ ಹೊರಗಿಡುವುದು ಕಡ್ಡಾಯ. ಮರದ ಹುಡಿ ಹಟ್ಟಿಗೆ, ಸಿಪ್ಪೆಯದ್ದು ಗೊಬ್ಬರದ ಗುಂಡಿಗೆ. ಪ್ಲೈವುಡ್ ಕೊಯ್ದ ಹುಡಿಯನ್ನು ಹಟ್ಟಿಗೆ ಹಾಕಬೇಡಿ, ಅದರಲ್ಲಿ ಅಂಟು ಇರುತ್ತದೆ. ಬೇಸಿಗೆಯಲ್ಲಿ ಪೈಪು ಮುಟ್ಟಿದರೆ ಚುರುಕ್ ಎನ್ನುವುದು ಸ್ಥಾಯೀ ವಿದ್ಯುತ್ತು. ಬರಿ ತಾಮ್ರದ ತಂತಿಯನ್ನು ಪೈಪಿನುದ್ದಕ್ಕೆ ಸುತ್ತಿ ಅರ್ಥಿಂಗಿಗೆ ಕೊಟ್ಟ ಮೇಲೆ ನಮ್ಮಲ್ಲಿ ಕಡಿಮೆಯಾಗಿದೆ.

ಸುಲಿತದವರು ಎರಡನೇ ವರ್ಷ ಬಂದು ನೋಡಿ, ಹೋಸನ್ನು ನಾಲ್ಕು ಸಲ ಹಾಕಿ ತೆಗೆದು, “ಇದಾದರೆ ಅಡ್ಡಿಯಿಲ್ಲ” ಎಂದರು. ಸಂಜೆ ಮುಖ ತೊಳೆದ ನೀರು ಈಗ ಮೊದಲಿನಷ್ಟು ಕೆಂಪಾಗುವುದಿಲ್ಲ. ಆದರೂ ಅರ್ಧದಷ್ಟು ಹುಡಿ ಗೂಡಿನಿಂದ ತಪ್ಪಿಸಿಕೊಳ್ಳುತ್ತದೆ, ಬೂಸ್ಟು ಹಿಡಿದ ಅಡಿಕೆಯ ದಿನ ಇನ್ನೂ ಹೆಚ್ಚು. ಅದಕ್ಕೆ 2020ರ ಕೊರೋನಾ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಎನ್-95 ಮಾಸ್ಕನ್ನು ಅವರೂ ನಾನೂ ಹಾಕುತ್ತೇವೆ. ಗೂಡಿಗೆ ಎದುರಿನಿಂದಲೂ ಗೋಣಿಯ ಪರದೆ ಇಳಿಬಿಟ್ಟರೆ ಹೇಗೆ ಅಂತ ಈ ಸಲದ ಸುಲಿತದಲ್ಲಿ ನೋಡುವವರಿದ್ದೇವೆ.